ಕತ್ತಲಾದ ಮೇಲಿನ ಪ್ರವಾಸಿಗರು: ಭಟ್ಕಳದಿಂದ ಕುಮಟಾದವರೆಗೆ ಬೆಳಕಿನ ಲೆಕ್ಕಾಚಾರ

ಗೋಕರ್ಣದ ಸ್ಥಳಪುರಾಣ ತಿರುಗುವುದೇ ಬೆಳಕಿನ ಒಂದು ಕರಾಮತ್ತಿನಿಂದ. ಆತ್ಮಲಿಂಗ ಹೊತ್ತು ಲಂಕೆಗೆ ಹೊರಟ ರಾವಣನನ್ನು ತಡೆಯಲು ವಿಷ್ಣು ಸುದರ್ಶನ ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದ. ಮುಸ್ಸಂಜೆಯಾಯಿತೆಂದು ಭ್ರಮಿಸಿದ ರಾವಣ ಸಂಧ್ಯಾವಂದನೆಗೆ ಹೋಗುವಾಗ ಲಿಂಗವನ್ನು ವಟುವೇಷದ ಗಣಪತಿಯ ಕೈಗೆ ಕೊಟ್ಟ. ಲಿಂಗ ನೆಲಕ್ಕಂಟಿತು. ಸಿಟ್ಟಿನಲ್ಲಿ ಅವನು ಕಿತ್ತೆಸೆದ ಹೊದಿಕೆಯ ಬಟ್ಟೆ ಬಿದ್ದ ಜಾಗ ಮುರುಡೇಶ್ವರವಾಯಿತು. ಅಂದು ಹೊತ್ತು ಮುಳುಗಿತೆಂದು ರಾವಣ ಈ ದಂಡೆಯಲ್ಲಿ ನಿಂತ. ಇಂದು ಹೊತ್ತು ಮುಳುಗಿದೊಡನೆ ಪ್ರವಾಸಿಗರು ಇಲ್ಲಿಂದ ಹೊರಡುತ್ತಾರೆ.

ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಟೆಂಪೊ ಟ್ರಾವೆಲರ್‌ಗಳಿಂದ ಊರಿಗೆ ಸಿಗುವುದು ಪಾರ್ಕಿಂಗ್ ಶುಲ್ಕ, ಎಳನೀರಿನ ದುಡ್ಡು, ಒಂದು ಊಟದ ಬಿಲ್ಲು. ಅದೇ ಜನ ಒಂದು ರಾತ್ರಿ ಉಳಿದರೆ ಲಾಡ್ಜು, ರಾತ್ರಿಯೂಟ, ಬೆಳಗಿನ ತಿಂಡಿ, ಆಟೊ ಬಾಡಿಗೆ, ಮರುದಿನ ಇನ್ನೊಂದು ಜಾಗ ಎಂದು ಖರ್ಚು ಬೆಳೆಯುತ್ತ ಹೋಗುತ್ತದೆ. ಪ್ರವಾಸಿ ತಾಣಗಳಿಗೆ ದೀಪ ಹಾಕಿಸುವ ಉತ್ಸಾಹದ ಹಿಂದಿರುವುದು ಈ ಲೆಕ್ಕವೇ. ಆದರೆ ದೀಪ ಹಾಕಿದ ಮಾತ್ರಕ್ಕೆ ಜನ ಉಳಿಯುತ್ತಾರೆಯೇ?

ರಾತ್ರಿ ಜನ ಸೇರಿಸುವ ವಿದ್ಯೆ ಈ ದಂಡೆಗೆ ಹೊಸದೇನಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟುವುದಕ್ಕೂ ಬಹಳ ಹಿಂದಿನಿಂದ ಬಯಲಾಟಗಳು ಇಡೀ ರಾತ್ರಿ ನಡೆಯುತ್ತಿದ್ದವು. ರಂಗಸ್ಥಳದ ಇಕ್ಕೆಲದಲ್ಲಿ ದೊಂದಿ ಉರಿಯುತ್ತಿತ್ತು. ಎಣ್ಣೆಯ ಉರಿ ಅಲುಗಿದಂತೆ ವೇಷದ ನೆರಳು ಅಲುಗುತ್ತಿತ್ತು, ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿ ಉಬ್ಬಿ ಕಾಣುತ್ತಿತ್ತು, ಕಿರೀಟದ ಬೇಗಡೆ ಮಿನುಗುತ್ತಿತ್ತು. ಆಮೇಲೆ ಗ್ಯಾಸ್‌ಲೈಟ್ ಬಂತು, ಅದರ ಹಿಂದೆ ಜನರೇಟರು, ಟ್ಯೂಬ್‌ಲೈಟು. ಬೆಳಕು ಹೆಚ್ಚಿತು, ವೇಷ ಚಪ್ಪಟೆಯಾಯಿತು. ಮುಖವರ್ಣಿಕೆಯನ್ನು ರೂಪಿಸಿದ್ದೇ ಓರೆಯಿಂದ ಬೀಳುವ ಮಂದ ಬೆಳಕಿಗಾಗಿ. ಎದುರಿನಿಂದ ಬೆಳ್ಳನೆಯ ಬೆಳಕು ಚೆಲ್ಲಿದರೆ ರಾಕ್ಷಸನ ಮುಖ ಬಣ್ಣ ಬಳಿದ ಮುಖವಾಗಿಬಿಡುತ್ತದೆ. ಈಗ ಅಲ್ಲಲ್ಲಿ ದೊಂದಿ ಬೆಳಕಿನ ಯಕ್ಷಗಾನವೆಂದೇ ಪ್ರಚಾರ ಮಾಡಿ ಆಟ ಆಡಿಸುತ್ತಾರೆ. ಜನ ಅದಕ್ಕೆಂದೇ ಹೋಗುತ್ತಾರೆ. ಬೆಳಕನ್ನು ಕಡಿಮೆ ಮಾಡಿಯೂ ಜನ ಸೇರಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ವಿದ್ಯುತ್ತಿನ ಕಥೆಗೆ ಮಾತ್ರ ಘಟ್ಟ ಹತ್ತಿ ಮೈಸೂರಿನತ್ತ ಹೋಗಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು, 1908ರಲ್ಲಿ ಮೈಸೂರಿಗೆ. 1912ರ ಹೊತ್ತಿಗೆ ಮುಗಿದ ಹೊಸ ಅರಮನೆಯ ಅಂಚು, ಕಮಾನು, ಗೋಪುರಗಳ ಗುಂಟ ಪೋಣಿಸಿದ ಬಲ್ಬುಗಳು ಇಂದು ಸುಮಾರು ಒಂದು ಲಕ್ಷ. ದಸರೆ ಬಿಟ್ಟರೆ ಅವು ಉರಿಯುವುದು ಮುಖ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ, ಅದೂ ಒಂದು ಗಂಟೆಯಷ್ಟು ಹೊತ್ತು. ಅದರ ಜಾಣತನ ಇರುವುದೇ ಅಲ್ಲಿ. ಯಾವಾಗ ಬೇಕಾದರೂ ಸಿಗುವುದಲ್ಲವಾದ್ದರಿಂದ ಜನ ಮೊದಲೇ ಬಂದು ಕಾಯುತ್ತಾರೆ, ದೀಪ ಹತ್ತಿದ ಕ್ಷಣಕ್ಕೆ ಒಟ್ಟಿಗೆ ಉದ್ಗಾರ ತೆಗೆಯುತ್ತಾರೆ, ನೋಡಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. 1932ರಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರದ ಬೃಂದಾವನವೂ ಇದನ್ನೇ ಮಾಡಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅಣೆಕಟ್ಟೆಯ ಬುಡದಲ್ಲಿ ಎದ್ದ ಈ ತೋಟಕ್ಕೆ ಕಳೆ ಬರುವುದು ಕಾರಂಜಿಗೆ ಬಣ್ಣದ ದೀಪ ಬಿದ್ದ ಮೇಲೆ. ಕರಾವಳಿಯ ಶಾಲಾ ಪ್ರವಾಸಗಳ ಬಸ್ಸುಗಳು ಸಂಜೆಯಾಗುವುದನ್ನೇ ಕಾದು ಅಲ್ಲಿಗೆ ಹೋಗುವ ರೂಢಿ ಎಷ್ಟೋ ತಲೆಮಾರಿನದು. ಕತ್ತಲಾದ ಮೇಲೆ ನೋಡಲೆಂದೇ ಕಟ್ಟಿದ ತಾಣ ಕರ್ನಾಟಕದಲ್ಲಿ ಅದಕ್ಕೂ ಮೊದಲು ಇದ್ದಂತಿಲ್ಲ.

ಹೊರಗಿನ ಜಗತ್ತಿನಲ್ಲಿ ಮುಂದಿನ ಹೆಜ್ಜೆ ಧ್ವನಿ–ಬೆಳಕು ಪ್ರದರ್ಶನ. 1952ರಲ್ಲಿ ಫ್ರಾನ್ಸಿನ ಶಾಂಬೋರ್ ಅರಮನೆಯ ಗೋಡೆಗಳಿಗೆ ದೀಪ ಹಾಯಿಸಿ, ಧ್ವನಿಮುದ್ರಿತ ಕಥೆ ಹೇಳಿಸಿದರು. 1965ರಲ್ಲಿ ಅದು ದೆಹಲಿಯ ಕೆಂಪುಕೋಟೆಗೆ ಬಂತು. ಕಟ್ಟಡಕ್ಕೆ ಕಥೆ ಸೇರಿದಾಗ ಪ್ರವಾಸಿಗ ಮುಕ್ಕಾಲು ಗಂಟೆ ಕೂರುತ್ತಾನೆ, ಟಿಕೆಟ್ಟಿಗೆ ದುಡ್ಡು ಕೊಡುತ್ತಾನೆ ಎಂಬುದು ಅಲ್ಲಿ ಸಿದ್ಧವಾಯಿತು. ನಂತರದ ದೊಡ್ಡ ಜಿಗಿತ ಎಲ್‌ಇಡಿಯದು. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಸಿಗುವ ಹೊತ್ತಿಗೆ ಬಣ್ಣ ಬದಲಿಸುವ ದೀಪ ಸಣ್ಣ ಊರಿನ ಗುತ್ತಿಗೆದಾರನ ಕೈಗೂ ಎಟುಕುವಷ್ಟು ಅಗ್ಗವಾಗುತ್ತಿತ್ತು. 2009ರಲ್ಲಿ ಶುರುವಾದ ಸಿಡ್ನಿಯ ವಿವಿಡ್ ಉತ್ಸವದಂಥವು ಪ್ರೊಜೆಕ್ಟರಿನಿಂದ ಗೋಡೆಯನ್ನೇ ಪರದೆ ಮಾಡಿದವು. ನಮ್ಮಲ್ಲಿ ಎಲ್‌ಇಡಿ ಮಾಡಿದ ಕೆಲಸ ಇಷ್ಟು ಹೆಮ್ಮೆಯದಲ್ಲ. ಸೇತುವೆ, ವೃತ್ತ, ತೆಂಗಿನ ಮರ, ಸರ್ಕಾರಿ ಕಚೇರಿ ಎಲ್ಲಕ್ಕೂ ಅದೇ ನೇರಳೆ, ಅದೇ ಹಸಿರು. ಯಾವ ಊರಿನಲ್ಲಿ ನಿಂತಿದ್ದೇವೆ ಎಂದು ಆ ಬೆಳಕಿನಲ್ಲಿ ಹೇಳುವುದು ಕಷ್ಟ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ರಾತ್ರಿ ಹೊತ್ತಿನ ನಿಜವಾದ ಆಕರ್ಷಣೆ ಎಂದರೆ ಭಟ್ಕಳ ತಾಲೂಕಿನ ಮುರುಡೇಶ್ವರ ಮಾತ್ರ. ಉದ್ಯಮಿ ಆರ್.ಎನ್. ಶೆಟ್ಟಿಯವರು ಹುಟ್ಟೂರಿನ ಕಂದುಕಗಿರಿಯ ಮೇಲೆ ಎಬ್ಬಿಸಿದ 123 ಅಡಿ ಎತ್ತರದ ಶಿವ, 2008ರಲ್ಲಿ ಉದ್ಘಾಟನೆಯಾದ 20 ಅಂತಸ್ತಿನ, 237 ಅಡಿಯ ರಾಜಗೋಪುರ, ಮೂರು ಕಡೆ ಸಮುದ್ರ. ಇಂಥ ಸಂಯೋಗ ಕರ್ನಾಟಕದಲ್ಲಿ ಬೇರೆಲ್ಲೂ ಇಲ್ಲ. ಶಿವಮೊಗ್ಗದ ಶಿಲ್ಪಿ ಕಾಶೀನಾಥ ಮತ್ತು ಅವರ ಮಗನ ಕೈಯಲ್ಲಿ ರೂಪುಗೊಂಡ ಮೂರ್ತಿಯನ್ನು ಬಿಸಿಲು ನೇರವಾಗಿ ಬಿದ್ದು ಹೊಳೆಯುವ ಹಾಗೆ ಕೂರಿಸಿದ್ದಾರೆಂದು ಹೇಳುತ್ತಾರೆ. ಮೂರ್ತಿಯ ಬುಡದ ಗುಹೆಯಲ್ಲಿ ಅದೇ ಆತ್ಮಲಿಂಗದ, ಅಂದರೆ ಭೂಕೈಲಾಸದ ಕಥೆಯನ್ನು ಗೊಂಬೆಗಳು, ದೀಪ, ಧ್ವನಿಗಳಿಂದ ತೋರಿಸುತ್ತಾರೆ. ಕಥೆ, ಮೂರ್ತಿ, ದೀಪ ಮೂರೂ ಇವೆ. ಆದರೆ ಕಥೆ ಗುಹೆಯೊಳಗೆ, ದೀಪ ಹೊರಗೆ. ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ.

ಇಲ್ಲಿ ಒಂದು ತಾಂತ್ರಿಕ ಮಾತು. ಶಿಲ್ಪಿ ಹುಬ್ಬು, ಮೂಗು, ತುಟಿಗಳನ್ನು ತಿದ್ದುವುದು ಬೆಳಕು ಮೇಲಿನಿಂದ ಬೀಳುತ್ತದೆಂಬ ಎಣಿಕೆಯಲ್ಲಿ. ಫ್ಲಡ್‌ಲೈಟನ್ನು ಬುಡದಲ್ಲಿಟ್ಟು ಮೇಲಕ್ಕೆ ಹಾಯಿಸಿದರೆ ನೆರಳು ತಲೆಕೆಳಗಾಗಿ, ಧ್ಯಾನಸ್ಥ ಮುಖಕ್ಕೆ ಬೇರೆಯೇ ಭಾವ ಬರುತ್ತದೆ. ದೂರದ ಕಂಬದಿಂದ, ಒಂದು ಪಕ್ಕದಿಂದ ಹೆಚ್ಚು, ಇನ್ನೊಂದು ಪಕ್ಕದಿಂದ ಕಡಿಮೆ ಬೆಳಕು ಕೊಟ್ಟರೆ ಮೂರ್ತಿ ಮತ್ತೆ ಮೂರ್ತಿಯಾಗುತ್ತದೆ. ತಿಳಿ ಬಣ್ಣದ ಸಿಮೆಂಟಿನ ಮೈ ಪ್ರೊಜೆಕ್ಟರಿನ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೂ ಪೂಜೆ ನಡೆಯುವ ಆವರಣದಲ್ಲಿ ಶಿವನ ಮೈಮೇಲೆ ಚಿತ್ರ ಓಡಿಸುವುದಕ್ಕಿಂತ ಗೋಪುರದ ಊರ ಕಡೆಯ ಮುಖವನ್ನು ಬಳಸಿಕೊಳ್ಳುವುದು ಲೇಸೆಂದು ನನಗನ್ನಿಸುತ್ತದೆ. ವಾರಕ್ಕೆರಡು ಸಂಜೆ, ಅರ್ಧ ಗಂಟೆ, ಇಲ್ಲಿನ ಭಾಗವತರ ಕಂಠದಲ್ಲಿ ಆತ್ಮಲಿಂಗದ ಪ್ರಸಂಗ ನಡೆಯಲಿ. ಹೊನ್ನಾವರದಲ್ಲಿ ಇಷ್ಟು ಮೇಳ, ಇಷ್ಟು ಹಿಮ್ಮೇಳ ಇರುವಾಗ ಮುಂಬಯಿಯ ಸ್ಟುಡಿಯೊದ ಗಂಭೀರ ಧ್ವನಿ ಯಾಕೆ ಬೇಕು?

ಬೆಳಕಿನಿಂದ ಅಪಾಯವೂ ಉಂಟು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದು ಹಗಲಿನಲ್ಲೇ ನಡೆದ ದುರಂತ. ಸೆಳೆತ ಗೊತ್ತಿಲ್ಲದ ಬಯಲುಸೀಮೆಯ ಜನರಿಗೆ ರಾತ್ರಿ ಮರಳ ಮೇಲೆ ಬಣ್ಣದ ದೀಪ ಹಾಕಿ ಕರೆದರೆ ಅವರು ನೀರಿಗೂ ಇಳಿಯುತ್ತಾರೆ. ಜೀವರಕ್ಷಕರಿಲ್ಲದ ಹೊತ್ತಿನಲ್ಲಿ ನೀರಂಚನ್ನು ಬೆಳಗುವುದು ತಪ್ಪು ಕರೆ. ದಾರಿ, ಮೆಟ್ಟಿಲು, ವಾಹನ ನಿಲ್ಲಿಸುವ ಜಾಗ ಬೆಳಗಲಿ.

ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಗೆ ಬೇಕಾದ ಬೆಳಕೇ ಬೇರೆ. ಅಘನಾಶಿನಿಯ ಬಳಿ, ಕರಿಮೆಣಸಿನ ವ್ಯಾಪಾರದಿಂದ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪಿನೊಂದಿಗೆ ಬೆಸೆದ ಈ ಕೋಟೆ ಪೂರ್ತಿ ಚಿರೆಕಲ್ಲಿನದು. ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುವ, ಬೇಸಿಗೆಯಲ್ಲಿ ಕೆಂಪಾಗುವ, ತೂತುತೂತಾದ ಕಲ್ಲು ಬೆಳಕನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ಚಿತ್ರ ಮೂಡಿಸುವುದು ದಂಡ. ಗೋಡೆಗೆ ಒತ್ತಿದಂತೆ ಓರೆಯಾಗಿ ಹಳದಿ ಬೆಳಕು ಹಾಯಿಸಿದರೆ ಮಾತ್ರ ಪ್ರತಿ ತೂತಿನಲ್ಲೂ ನೆರಳು ಕೂತು ಕಲ್ಲು ಎದ್ದು ಕಾಣುತ್ತದೆ. ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. 2019ರಲ್ಲಿ ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡುವ ತೀರ್ಮಾನವಾದಾಗ ಕರ್ನಾಟಕದಿಂದ ಪಟ್ಟದಕಲ್ಲು, ವಿಜಯಪುರದ ಗೋಲಗುಮ್ಮಟ ಪಟ್ಟಿಯಲ್ಲಿದ್ದವು, ಮಿರ್ಜಾನ್ ಇರಲಿಲ್ಲ. ಗೋಕರ್ಣಕ್ಕೆ ಹೋಗುವವರು ಹೆದ್ದಾರಿಯಿಂದ ಸ್ವಲ್ಪವೇ ಒಳಗಿರುವ ಈ ಕೋಟೆಯನ್ನು ಸಂಜೆ ನೋಡಿ ಹೋಗುವಂತಾದರೆ ಅದು ದೊಡ್ಡ ಲಾಭ. ಯಾಣಕ್ಕೆ ಮಾತ್ರ ದೀಪ ಬೇಡವೇ ಬೇಡ. 120 ಮೀಟರಿನ ಭೈರವೇಶ್ವರ ಶಿಖರದ ಕರಿಬಂಡೆಗೆ ಹೆಜ್ಜೇನು ಗೂಡು ಕಟ್ಟುತ್ತದೆ, ಸುತ್ತ ದಟ್ಟ ಕಾಡು.

ಬೆಳಕಿನ ಸೆಳೆತ ಎಂಥದೆಂದು ಇಲ್ಲಿನ ಮೀನುಗಾರರನ್ನು ಕೇಳಬೇಕು. ದೋಣಿಯಲ್ಲಿ ಜನರೇಟರ್ ಇಟ್ಟು, ನೀರಿಗೆ ಪ್ರಖರ ಎಲ್‌ಇಡಿ ಹಾಯಿಸಿ, ಮುತ್ತಿದ ಮೀನನ್ನು ಮರಿಗಳ ಸಮೇತ ಬಾಚುವ ಲೈಟ್ ಫಿಶಿಂಗ್ ವಿರುದ್ಧ ನಾಡದೋಣಿಯವರು ವರ್ಷಗಟ್ಟಲೆ ಕೂಗಿದ್ದಾರೆ. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಅದನ್ನು ನಿಷೇಧಿಸಿತು. ನೀರಿನೊಳಗೆ ನಿಷಿದ್ಧವಾದದ್ದನ್ನು ದಂಡೆಯ ಮೇಲೆ ಅಭಿವೃದ್ಧಿ ಎಂದು ಕರೆಯುವ ಮೊದಲು ಕೊಂಚ ಯೋಚಿಸಬೇಕು, ಏಕೆಂದರೆ ಈ ದಂಡೆಗೆ ರಾತ್ರಿ ಬರುವ ಇನ್ನೊಂದು ಅತಿಥಿ ಇದೆ. ಹೊನ್ನಾವರದ ಕಾಸರಕೋಡು, ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡುತ್ತದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ರಾತ್ರಿ ಹೊರಬಂದ ಮರಿಗೆ ಸಮುದ್ರದ ದಿಕ್ಕು ತಿಳಿಯುವುದು ಅತ್ತ ಆಕಾಶದಂಚು ಹೆಚ್ಚು ಬೆಳಗಿರುವುದರಿಂದ. ರೆಸಾರ್ಟಿನ ದೀಪ ಅದಕ್ಕಿಂತ ಬೆಳಗಿದ್ದರೆ ಮರಿ ರಸ್ತೆಯ ಕಡೆ ತೆವಳುತ್ತದೆ. ಮೊಟ್ಟೆಯಿಡುವ ತಿಂಗಳುಗಳೂ ಪ್ರವಾಸಿಗರು ಮುಗಿಬೀಳುವ ಡಿಸೆಂಬರ್, ಜನವರಿಗಳೂ ಒಂದೇ ಆಗಿರುವುದು ತೊಡಕು. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಪಕ್ಕದ ಅಪ್ಸರಕೊಂಡ–ಮುಗಳಿ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವಾಗಿದೆ. ಇವೆರಡರ ನಡುವೆ ಲೇಸರ್ ಹಾಯಿಸುವ ಯೋಜನೆ ಯಾರ ತಲೆಗೂ ಬಾರದಿರಲಿ.

ದೀಪ ಬೇಕೇ ಬೇಕೆಂದರೆ ದಾರಿಯೂ ಇದೆ. 560 ನ್ಯಾನೊಮೀಟರಿಗಿಂತ ಉದ್ದದ ತರಂಗದ, ಅಂದರೆ ಕಿತ್ತಳೆ–ಕೆಂಪು ಬೆಳಕು ಆಮೆಗಳಿಗೆ ಕಡಿಮೆ ತೊಂದರೆ ಕೊಡುತ್ತದೆ. ದೀಪ ಮೊಣಕಾಲೆತ್ತರದಲ್ಲಿದ್ದು, ಮೇಲೆ ಮುಚ್ಚಳವಿದ್ದು, ಕಡಲಿಗೆ ಬೆನ್ನು ಮಾಡಿರಬೇಕು. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆಪಥಕ್ಕೂ ಇದಕ್ಕಿಂತ ಹೆಚ್ಚು ಬೇಕಿಲ್ಲ. ಮತ್ತೆ ಕತ್ತಲೆಯೇ ಮಾರಾಟಕ್ಕೆ ಒದಗುವ ರಾತ್ರಿಗಳೂ ಇವೆ. 2020ರ ನವೆಂಬರಿನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಅಲೆಗಳು ನೀಲಿಯಾಗಿ ಮಿಂಚಿದಾಗ ಜನ ಅದನ್ನು ನೋಡಲು ಧಾವಿಸಿದರು. ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ ಕಲಕಿದಾಗ ಹೊಮ್ಮುವ ಬೆಳಕದು. ದಂಡೆಯಲ್ಲಿ ಹೈಮಾಸ್ಟ್ ದೀಪ ಉರಿಯುತ್ತಿದ್ದರೆ ಕಾಣುವುದೇ ಇಲ್ಲ.

ಇನ್ನು ನಿರ್ವಹಣೆ. ಶರಾವತಿ ಕಣಿವೆಯ ಮುಖ್ಯ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್, ಅದರ ಕೆಳಗೆ ಹೊನ್ನಾವರ ತಾಲೂಕಿನಲ್ಲೇ ಇರುವ ಗೇರುಸೊಪ್ಪೆಯದು 240. ನಾಡಿಗೆ ಇಷ್ಟು ಬೆಳಕು ಕೊಡುವ ಹೊಳೆಯ ಬುಡದಲ್ಲೇ ಮಳೆಗಾಲದ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ಹೆಸ್ಕಾಂ ಗ್ರಾಹಕರಿಗೆ ರೂಢಿಯಾಗಿದೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ, ಉಪ್ಪುಗಾಳಿ. ಸಾಧಾರಣ ಕಬ್ಬಿಣದ ಕ್ಲಾಂಪನ್ನು ಎರಡು ಮಳೆಗಾಲಕ್ಕೆ ತುಕ್ಕು ತಿನ್ನುತ್ತದೆ, ನೀರು ಹೊಕ್ಕ ಫಿಟ್ಟಿಂಗಿನಲ್ಲಿ ಕೆಲವು ಬಣ್ಣ ಸತ್ತು ಕೆಲವು ಮಾತ್ರ ಉಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚಿಡಬಹುದಾದ ಫಿಟ್ಟಿಂಗು, ಐದು ವರ್ಷದ ದುರಸ್ತಿಯ ಹೊಣೆ, ಆಮೆ ಬರುವ ತಿಂಗಳುಗಳಲ್ಲಿ ಕಡಲ ಕಡೆಯ ದೀಪ ಆರಿಸುವ ಗಂಟೆ, ಈ ಮೂರೂ ಟೆಂಡರಿನ ಮೊದಲ ಪುಟದಲ್ಲೇ ಇರಬೇಕು. ಉದ್ಘಾಟನೆಯ ದಿನಾಂಕವನ್ನು ಆಮೇಲೆ ಬರೆದುಕೊಳ್ಳಬಹುದು.