ಮುರಿದ ಫ್ರೇಮಿನಿಂದ ಹುಟ್ಟಿದ ಬೈಕು

ಹಾರಿಸೋಕೂ ರೇಸಿಗೂ ತಡೆಯೋ ಫ್ರೇಮ್ ಯಾವುದು? ಈ ತಲೆನೋವು ಮೌಂಟನ್ ಬೈಕಿಗಿಂತ ಹಳೆಯದು ಸ್ವಾಮಿ!

1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಹತ್ತಿರದ ಗುಡ್ಡದಲ್ಲಿ 'ರಿಪ್ಯಾಕ್' ರೇಸು ಶುರುವಾಯಿತು. ಸುಮಾರು 3.4 ಕಿ.ಮೀ. ಮಣ್ಣುದಾರಿ, 400 ಮೀಟರ್ ಇಳಿಜಾರು. ಕೆಳಗೆ ಬರುವಷ್ಟರಲ್ಲಿ ಹಿಂಬ್ರೇಕಿನ ಗ್ರೀಸು ಹೊಗೆಯಾಗಿರುತ್ತಿತ್ತು. ಮತ್ತೆ ತುಂಬಬೇಕು, ಅದಕ್ಕೇ ಆ ಹೆಸರು.

ಆ ಹುಡುಗರಿಗೆ ಅಚ್ಚುಮೆಚ್ಚು ಹಳೇ ಶ್ವಿನ್ ಎಕ್ಸೆಲ್ಸಿಯರ್ ಫ್ರೇಮು. ಹಿಂದೆ ಶಾಕ್ ಅಬ್ಸಾರ್ಬರ್ ಇಲ್ಲ, ಅಂದ್ರೆ ಇವತ್ತಿನ ಲೆಕ್ಕದಲ್ಲಿ ಹಾರ್ಡ್‌ಟೇಲ್. ಇಳಿಜಾರಿನಲ್ಲಿ ಗಟ್ಟಿಯಾಗಿ ಕೂತು ಓಡುತ್ತಿತ್ತು, ಆದರೆ ಭಾರ... ಹೊಡೆತ ತಿಂದು ತಿಂದು ಮುರಿಯುತ್ತಲೂ ಇತ್ತು.

ಜೋ ಬ್ರೀಜ್ ಅದರ ಕೋನಗಳನ್ನು ಇಟ್ಟುಕೊಂಡು ಲೋಹ ಬದಲಿಸಿದ. ಕ್ರೋಮೋಲಿ ಉಕ್ಕು, ಬಿಗಿತಕ್ಕೆ ಎರಡು ಓರೆ ಕೊಳವೆ (ನನ್ನ ಕಣ್ಣಿಗೆ ಅಷ್ಟೇನೂ ಚೆಂದವಲ್ಲ!). 1977ರ ಆ ಮೊದಲ 'ಬ್ರೀಜರ್' ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸ್ವತ್ತು.