ಮಡಿಸುವ ಚಾಕುಗಳ ಸಂಗ್ರಹ: ಅಲಗಿನ ಬುಡದಲ್ಲೇ ಇದೆ ಜಾತಕ

ಅಂಚೆಚೀಟಿ ಕೂಡಿಡುವವರು, ಹಳೆಯ ನಾಣ್ಯ ಹುಡುಕುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಆದರೆ 'ನನ್ನ ಹವ್ಯಾಸ ಚಾಕು ಸಂಗ್ರಹ' ಎಂದು ಹೇಳಿ ನೋಡಿ, ಎದುರಿಗೆ ಕುಳಿತವರು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತಾರೆ! ವಾಸ್ತವವಾಗಿ ಮಡಿಸುವ ಚಾಕು ಹೊಡೆದಾಟದ ವಸ್ತುವಲ್ಲ. ಎಲೆಯ ತೊಟ್ಟು ಮುರಿಯಲು, ಹಗ್ಗ ಕೊಯ್ಯಲು, ಮಾವಿನಕಾಯಿ ಹೋಳು ಮಾಡಲು, ಮಕ್ಕಳ ಪೆನ್ಸಿಲ್ ಚೂಪು ಮಾಡಲು ಹಿರಿಯರ ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇರುತ್ತಿದ್ದ ಉಪಕರಣ ಅದು.

ನಮ್ಮ ಕಾಸರಗೋಡಿನ ಕಡೆ ಸಣ್ಣ ಚಾಕುವನ್ನು ಪೀಶಕತ್ತಿ ಎನ್ನುತ್ತೇವೆ. ಮಲಯಾಳಂನಲ್ಲಿ ಪಿಚ್ಚಾತ್ತಿ, ಪೇನಾಕತ್ತಿ ಎಂಬ ಮಾತುಗಳಿವೆ. ತಮಿಳಿನಲ್ಲೂ ಪೇನಾಕತ್ತಿಯೇ. ಸೊಲ್ಲಾಪುರ, ಜತ್ತ ಕಡೆಯವರಿಗೆ ಮರಾಠಿಯ ಚಾಕೂ ಗೊತ್ತು. 'ಪೇನಾ' ಎಂದರೆ ಲೇಖನಿ. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಗರಿಯ ತುದಿಯನ್ನು ಕೊರೆಯಲು ಇಟ್ಟುಕೊಳ್ಳುತ್ತಿದ್ದ ಪುಟ್ಟ ಚಾಕುವೇ ಇಂಗ್ಲಿಷಿನ ಪೆನ್‌ನೈಫ್. ಗರಿಯ ಲೇಖನಿ ಹೋಯಿತು, ಹೆಸರು ಮಾತ್ರ ನಮ್ಮ ನೆರೆಭಾಷೆಗಳಲ್ಲೂ ಉಳಿದುಕೊಂಡಿತು.

ನಾನು ಮಾಡಿದ ತಪ್ಪು

ನಮ್ಮ ತಂದೆಯವರ ಹತ್ತಿರ ಕೊಂಬಿನ ಹಿಡಿಯ ಎರಡು ಅಲಗಿನ ಚಾಕು ಒಂದಿತ್ತು. ಅವರು ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಕಪ್ಪಾಗಿದೆಯಲ್ಲ, ಹೊಳೆಯಲಿ ಎಂದು ಜಾತ್ರೆಗೆ ಬಂದಿದ್ದ ಸಾಣೆಯವನ ಕೈಗೆ ಕೊಟ್ಟೆ. ಅವನು ಚಕ್ರಕ್ಕೆ ಹಿಡಿದು ಐದೇ ನಿಮಿಷದಲ್ಲಿ ಕನ್ನಡಿಯಂತೆ ಮಾಡಿಕೊಟ್ಟ. ಮನೆಗೆ ಬಂದು ನೋಡಿದರೆ ಅಲಗಿನ ಬುಡದಲ್ಲಿದ್ದ ಸಣ್ಣ ಅಕ್ಷರಗಳು ಅಳಿಸಿಹೋಗಿದ್ದವು. ಆ ಅಕ್ಷರಗಳನ್ನು ನಾನು ಒಮ್ಮೆಯೂ ಓದಿರಲಿಲ್ಲ. ಚಾಕು ಯಾವ ದೇಶದ್ದು, ಯಾವ ಕಾಲದ್ದು ಎಂದು ಇವತ್ತು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ತಪ್ಪು ಸಾಣೆಯವನದಲ್ಲ, ನನ್ನದೇ.

ಸಂಗ್ರಹಕಾರರು ಮೊದಲು ನೋಡುವುದು ಆ ಜಾಗವನ್ನೇ. ಅಲಗು ಹಿಡಿಯೊಳಗೆ ಸೇರುವ ಬುಡದಲ್ಲಿ ತಯಾರಕರ ಮುದ್ರೆ ಇರುತ್ತದೆ. ಮುದ್ರೆಯೇ ಚಾಕುವಿನ ಜಾತಕ.

ಚಾಕುವಿನ ಅಂಗಾಂಗ

ಮಡಿಸುವ ಚಾಕುವಿನ ಇತಿಹಾಸ ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ದೊರೆತದ್ದು ಕ್ರಿ.ಪೂ. 600-500ರ ಸುಮಾರಿನದು. ರೋಮನ್ನರೂ ಬಳಸುತ್ತಿದ್ದರು. ಅವುಗಳಲ್ಲಿ ಸ್ಪ್ರಿಂಗ್ ಇರಲಿಲ್ಲ, ಒಂದು ಮೊಳೆಯ ಮೇಲೆ ಅಲಗು ತಿರುಗುತ್ತಿತ್ತು, ಅಷ್ಟೆ. ಹಿಡಿಯ ಬೆನ್ನಿಗೆ ಉಕ್ಕಿನ ಪಟ್ಟಿಯೊಂದನ್ನು ಸ್ಪ್ರಿಂಗಿನಂತೆ ಜೋಡಿಸುವ ಕ್ರಮ 17ನೇ ಶತಮಾನದಲ್ಲಿ ಬಂತು. ತೆರೆದಾಗ ಅಲಗು ನಿಲ್ಲುವುದು, ಮುಚ್ಚುವಾಗ 'ಟಕ್' ಎಂದು ಸದ್ದು ಬರುವುದು ಇದೇ ಪಟ್ಟಿಯ ಒತ್ತಡದಿಂದ. ಅಲಗಿನ ಮೇಲೆ ಉಗುರು ಸಿಕ್ಕಿಸಿ ತೆರೆಯಲು ಒಂದು ಗೀರು ಇರುತ್ತದೆ. ತೆರೆದ ಮೇಲೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ಲಾಕ್ ಇರುವ ಚಾಕುಗಳು ಇನ್ನೊಂದು ಬಗೆ.

ಶೆಫೀಲ್ಡಿನ ದೊಡ್ಡಪ್ಪ

ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳ ತವರು. ಅಲ್ಲಿನ ಜೋಸೆಫ್ ರಾಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಶಿಲುಬೆಯ ಮುದ್ರೆ 1682ರಷ್ಟು ಹಳೆಯದು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆಂದು ಈ ಸಂಸ್ಥೆ 75 ಅಲಗು ಮತ್ತು ಉಪಕರಣಗಳಿರುವ ನಾರ್ಫೋಕ್ ಚಾಕುವನ್ನು ತಯಾರಿಸಿತು. ಅದನ್ನು ಇಂದು ಶೆಫೀಲ್ಡಿನ ಕಟ್ಲರ್ಸ್ ಹಾಲ್‌ನಲ್ಲಿ ನೋಡಬಹುದು. ಬ್ರಿಟಿಷರ ಕಾಲದಲ್ಲಿ ಶೆಫೀಲ್ಡಿನ ಚಾಕುಗಳು ನಮ್ಮ ದೇಶಕ್ಕೂ ಬಂದವು. ನಮ್ಮ ದೇಶದಿಂದ ಅಲ್ಲಿಗೆ ಹೋದದ್ದು ಕಡವೆಯ ಕೊಂಬು! ಅಲ್ಲಿನ ಒಳ್ಳೆಯ ಚಾಕುಗಳ ಹಿಡಿಗೆ ಅದು ಬೇಕಾಗಿತ್ತು.

ಸೈನಿಕನ ಜೇಬಿನಿಂದ ಜಗತ್ತಿಗೆ

ಎಲ್ಲರಿಗೂ ಗೊತ್ತಿರುವ ಕೆಂಪು ಹಿಡಿಯ ಸ್ವಿಸ್ ಚಾಕುವಿನ ಕಥೆ ಹೀಗಿದೆ. ಕಾರ್ಲ್ ಎಲ್ಸೆನರ್ ಎಂಬುವರು 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬಲ್ಲಿ ಚಾಕು ತಯಾರಿಕೆ ಶುರು ಮಾಡಿದರು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಪೂರೈಸಿದರು. 1897ರಲ್ಲಿ ಅಧಿಕಾರಿಗಳ ಚಾಕು ನೋಂದಣಿಯಾಯಿತು. 1909ರಲ್ಲಿ ತಾಯಿ ತೀರಿಕೊಂಡಾಗ ಅವರ ಹೆಸರನ್ನೇ ತಯಾರಿಕೆಗೆ ಇಟ್ಟರು: ವಿಕ್ಟೋರಿಯಾ. ತುಕ್ಕು ಹಿಡಿಯದ ಉಕ್ಕಿಗೆ 'ಇನಾಕ್ಸ್' ಎಂಬ ಹೆಸರಿದೆ. 1921ರಲ್ಲಿ ಎರಡೂ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಅಂದರೆ ಬುಡದಲ್ಲಿ 'ವಿಕ್ಟೋರಿನಾಕ್ಸ್' ಎಂದಿರುವ ಚಾಕು 1921ಕ್ಕಿಂತ ಹಿಂದಿನದು ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. 1961ರಿಂದ ಸೈನಿಕರಿಗೆ ಕೊಡುತ್ತಿದ್ದ ಅಲ್ಯೂಮಿನಿಯಂ ಹಿಡಿಯ ಚಾಕುಗಳ ಅಲಗಿನ ಬುಡದಲ್ಲಿ ವರ್ಷವನ್ನೂ ಒತ್ತಿರುತ್ತಾರೆ. ತಾವು ಹುಟ್ಟಿದ ವರ್ಷದ ಚಾಕು ಹುಡುಕುವ ಸಂಗ್ರಹಕಾರರಿದ್ದಾರೆ. ಇದೇ ಸೈನ್ಯಕ್ಕೆ ಚಾಕು ಪೂರೈಸುತ್ತಿದ್ದ ಇನ್ನೊಂದು ಸಂಸ್ಥೆ ವೆಂಗರ್ 2005ರಲ್ಲಿ ವಿಕ್ಟೋರಿನಾಕ್ಸ್ ಕೈಸೇರಿತು. ಆದ್ದರಿಂದ ವೆಂಗರ್ ಮುದ್ರೆಯ ಹಳೆಯ ಚಾಕುಗಳಿಗೂ ಹುಡುಕುವವರಿದ್ದಾರೆ.

ಬಡವನ ಚಾಕು ಓಪಿನೆಲ್

ಫ್ರಾನ್ಸಿನ ಸವೊಯ್ ಬೆಟ್ಟಗಳಲ್ಲಿ ಜೋಸೆಫ್ ಓಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ ಚಾಕು ಇದು. ಒಂದು ಅಲಗು, ಒಂದು ಮರದ ಹಿಡಿ. 1897ರಲ್ಲಿ 1ರಿಂದ 12ರವರೆಗೆ ಅಳತೆಯ ಸಂಖ್ಯೆ ಕೊಟ್ಟರು. ಕಿರೀಟ ಮತ್ತು ಕೈಯ ಮುದ್ರೆ 1909ರದು. ತಿರುಗಿಸಿದರೆ ಅಲಗನ್ನು ಹಿಡಿದು ನಿಲ್ಲಿಸುವ ಲೋಹದ ಬಳೆ ಬಂದದ್ದು 1955ರಲ್ಲಿ. ಆದ್ದರಿಂದ ಬಳೆ ಇಲ್ಲದ, ದೊಡ್ಡ ಅಳತೆಯ ಓಪಿನೆಲ್ ಸಿಕ್ಕಿದರೆ ಅದು 1955ಕ್ಕಿಂತ ಹಳೆಯದು ಎಂಬ ಊಹೆಗೆ ಆಧಾರವಿದೆ. ಹೊಸ ಸಂಗ್ರಹಕಾರರಿಗೆ ಒಳ್ಳೆಯ ಆರಂಭ ಇದು, ಏಕೆಂದರೆ ಬೆಲೆ ಕಡಿಮೆ ಮತ್ತು ಅಳತೆಗಳ ಸಾಲನ್ನೇ ಪೂರ್ತಿ ಮಾಡುವ ಆಸೆ ಹುಟ್ಟುತ್ತದೆ.

ಫ್ರಾನ್ಸಿನದೇ ಇನ್ನೊಂದು ಪ್ರಸಿದ್ಧ ಹೆಸರು ಲಾಗಿಯೋಲ್. ಎಚ್ಚರಿಕೆ! ಅದು ಒಂದು ಊರಿನ ಮತ್ತು ಒಂದು ಮಾದರಿಯ ಹೆಸರು, ಒಂದೇ ಕಾರ್ಖಾನೆಯದಲ್ಲ. ಬೇರೆ ದೇಶಗಳಲ್ಲಿ ತಯಾರಾದ ಅಗ್ಗದ ಮಾಲಿನ ಮೇಲೂ ಅದೇ ಹೆಸರು ಕಾಣುತ್ತದೆ. ಹೆಸರು ನೋಡಿ ದುಡ್ಡು ಕೊಡಬೇಡಿ, ತಯಾರಕರು ಯಾರೆಂದು ನೋಡಿ.

ಚುಕ್ಕೆ ಎಣಿಸಿದರೆ ವರ್ಷ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫರ್ಡ್‌ನಲ್ಲಿರುವ ಕೇಸ್ ಸಂಸ್ಥೆ ಸಂಗ್ರಹಕಾರರ ಕೆಲಸವನ್ನು ಸುಲಭ ಮಾಡಿದೆ. 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕೆ ಇಟ್ಟರು. ಪ್ರತಿ ವರ್ಷ ಒಂದೊಂದು ಚುಕ್ಕೆ ತೆಗೆಯುತ್ತ ಬಂದರು. 7 ಚುಕ್ಕೆ ಇದ್ದರೆ 1973. 1980ರಲ್ಲಿ ಅಕ್ಷರದ ಆಕಾರ ಬದಲಿಸಿ ಮತ್ತೆ 10ರಿಂದ ಶುರು ಮಾಡಿದರು.

ಚಾಕುವಿನ ಮೇಲಿನ ಸಂಖ್ಯೆಗೂ ಅರ್ಥವಿದೆ. 6254 ಎಂದಿದ್ದರೆ ಮೊದಲ 6 ಮೂಳೆಯ ಹಿಡಿಯನ್ನೂ, 2 ಅಲಗುಗಳ ಸಂಖ್ಯೆಯನ್ನೂ, 54 ಟ್ರ್ಯಾಪರ್ ಎಂಬ ಮಾದರಿಯನ್ನೂ ಹೇಳುತ್ತವೆ. ಸಾಣೆ ಚಕ್ರ ಒಮ್ಮೆ ಹಾದುಹೋದರೆ ಒಂದೆರಡು ಚುಕ್ಕೆ ಅಳಿಯುತ್ತವೆ, ಚಾಕುವಿನ ವಯಸ್ಸೇ ಸುಳ್ಳಾಗುತ್ತದೆ.

ನಮ್ಮದೇ ರಾಂಪುರಿ

ನಮ್ಮ ದೇಶದ ಮಡಿಸುವ ಚಾಕು ಎಂದರೆ ಉತ್ತರ ಪ್ರದೇಶದ ರಾಂಪುರದ್ದು. ನವಾಬರ ಕಾಲದಲ್ಲಿ ಬೆಳೆದ ಕಸುಬು. ಹಿಂದಿ ಸಿನಿಮಾದ ಖಳನಾಯಕರು ಅದನ್ನು 'ಖಟ್' ಎಂದು ಬಿಚ್ಚಿ ಬಿಚ್ಚಿ ಹೆಸರು ಕೆಡಿಸಿದರು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಾಲ್ಕೂವರೆ ಅಂಗುಲಕ್ಕಿಂತ ಉದ್ದದ ಅಲಗಿನ ಚಾಕುಗಳಿಗೆ ನಿಷೇಧ ಹೇರಿತು. ಕಸುಬಿನವರ ಅಂಗಡಿಗಳು ಒಂದೊಂದಾಗಿ ಕಡಿಮೆಯಾದವು. 2023ರಲ್ಲಿ ಅದೇ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವಿನ ಪ್ರತಿಮೆ ನಿಲ್ಲಿಸಿದರು. ಕಸುಬು ಸೊರಗಿದ ಮೇಲೆ ಸ್ಮಾರಕ!

ಶುರು ಮಾಡುವುದು ಹೇಗೆ?

ಸಿಕ್ಕಿದ್ದನ್ನೆಲ್ಲ ಕೊಂಡರೆ ಅದು ಗುಜರಿಯಾಗುತ್ತದೆ, ಸಂಗ್ರಹವಾಗುವುದಿಲ್ಲ. ಒಂದು ದಾರಿ ಆರಿಸಿಕೊಳ್ಳಿ. ಒಬ್ಬ ತಯಾರಕರದು, ಒಂದು ಮಾದರಿ, ಒಂದು ಕಾಲ, ಇಲ್ಲವೇ ಕಸಿ ಕಟ್ಟುವವರ ಚಾಕುವಿನಂತೆ ಒಂದು ಕಸುಬಿನವರದು. ಪ್ರತಿ ಚಾಕುವಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ಎಲ್ಲಿ ಸಿಕ್ಕಿತು, ಯಾರ ಬಳಿ ಇತ್ತು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಮುದ್ರೆ ಏನು, ಎಷ್ಟು ಕೊಟ್ಟಿರಿ ಎಂದು ಬರೆದಿಡಿ.

ಕೊಳ್ಳುವಾಗ ಗಮನಿಸಬೇಕಾದದ್ದು: ಅಲಗು ಎಷ್ಟು ಸವೆದಿದೆ, ತೆರೆದಾಗ ಅಕ್ಕಪಕ್ಕ ಅಲುಗಾಡುತ್ತದೆಯೇ, ಸ್ಪ್ರಿಂಗ್ ಗಟ್ಟಿಯಿದೆಯೇ, ಹಿಡಿ ಬಿರುಕು ಬಿಟ್ಟಿದೆಯೇ, ಒಂದು ಚಾಕುವಿನ ಅಲಗನ್ನು ಇನ್ನೊಂದರ ಹಿಡಿಗೆ ಸೇರಿಸಿದ್ದಾರೆಯೇ. ಮುದ್ರೆ ಓದಲು ಭೂತಗನ್ನಡಿ ಜೊತೆಗಿರಲಿ.

ಆರೈಕೆ

ಹಳೆಯ ಕಾರ್ಬನ್ ಉಕ್ಕಿನ ಅಲಗು ಬಳಸುತ್ತ ಬಂದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆಯಲ್ಲ, ತಿಕ್ಕಬೇಡಿ. ಕೆಂಪು ತುಕ್ಕು ಇದ್ದರೆ ಮಾತ್ರ ಎಣ್ಣೆ ಹಚ್ಚಿ ಬಟ್ಟೆಯಿಂದ ಮೆಲ್ಲಗೆ ಒರೆಸಿ. ತೆಂಗಿನೆಣ್ಣೆ ಕ್ರಮೇಣ ಅಂಟಾಗುತ್ತದೆ; ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಒಳ್ಳೆಯದು. ಆದರೆ ಹಣ್ಣು ತರಕಾರಿ ಕೊಯ್ಯುವ ಚಾಕುವಿಗೆ ಅದು ಬೇಡ.

ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ನಮ್ಮ ಕರಾವಳಿಯಲ್ಲಂತೂ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಲ್ಲವನ್ನೂ ತೆಗೆದು ನೋಡಲೇಬೇಕು. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಹಿಡಿಯ ಚಾಕುಗಳನ್ನು ಬೇರೆಯೇ ಇಡಿ. ಅದು ಹಳತಾದಾಗ ಬಿಡುವ ಅನಿಲ ಪಕ್ಕದ ಚಾಕುಗಳನ್ನೂ ತಿನ್ನುತ್ತದೆ.

ಕಾನೂನು ಮರೆಯಬೇಡಿ

ಗಡಿಯ ಆಚೆ ಈಚೆ ದಿನವೂ ಓಡಾಡುವ ನಮ್ಮಂಥವರಿಗೆ ಇದು ಮುಖ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಂತೆ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿದ್ದು, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡದ ಚಾಕು ಶಸ್ತ್ರಗಳ ಸಾಲಿಗೆ ಸೇರುತ್ತದೆ. ಜೇಬಿನ ಚಾಕು ಇದಕ್ಕಿಂತ ಬಹಳ ಚಿಕ್ಕದು. ಆದರೆ ನಿಶ್ಚಿಂತೆ ಬೇಡ. ಪ್ರದೇಶವಾರು ಅಧಿಸೂಚನೆಗಳು ಇನ್ನೂ ಬಿಗಿಯಾಗಿರಬಹುದು. ದೆಹಲಿಯಲ್ಲಿ ಗುಂಡಿ ಒತ್ತಿ ತೆರೆಯುವ ಚಾಕುಗಳ ಮೇಲೆ 1980ರಲ್ಲೇ ನಿರ್ಬಂಧ ಬಂದಿದೆ. ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಹೊರಡಿಸುವ ಆದೇಶ ಜಾರಿಯಲ್ಲಿರುವಾಗ ಚಾಕು ಹಿಡಿದು ಓಡಾಡುವುದನ್ನು ತಡೆಯಬಹುದು. ಜಾತ್ರೆ, ಚುನಾವಣೆ, ಗಲಾಟೆಯ ಸಮಯದಲ್ಲಿ ಎಲ್ಲ ರಾಜ್ಯಗಳಲ್ಲೂ ನಿಷೇಧಾಜ್ಞೆ ಬರುತ್ತದೆ. ಆಗ ಸಂಗ್ರಹ ಮನೆಯಲ್ಲೇ ಇರಲಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಸ್ಪ್ರಿಂಗ್ ಹಾರಿ ತೆರೆಯುವ ಚಾಕುಗಳ ಸಹವಾಸವೇ ಬೇಡ.

ವಯನಾಡು, ನೀಲಗಿರಿ, ತಾಳವಾಡಿಯ ಓದುಗರಿಗೆ ಇನ್ನೊಂದು ಮಾತು. ಆನೆದಂತ, ಕಡವೆ ಕೊಂಬಿನ ವ್ಯಾಪಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. 'ಕೊಂದದ್ದಲ್ಲ, ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು' ಎಂಬ ನೆಪ ನಡೆಯುವುದಿಲ್ಲ. ಹೊಸದಾಗಿ ಹಿಡಿ ಮಾಡಿಸಬೇಕಿದ್ದರೆ ಮರ ಸಾಕು.

ಕೊನೆಗೆ

ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಅಡಕೊತ್ತುಗಳನ್ನು, ದೀಪಗಳನ್ನು ನೋಡಿರಬಹುದು. ಕೇಳ್ಕರ್ ಎಂಬ ಒಬ್ಬರೇ ವ್ಯಕ್ತಿ 1920ರ ಸುಮಾರಿನಿಂದ ಮನೆಬಳಕೆಯ ವಸ್ತುಗಳನ್ನು ಹುಡುಕಿ ಕೂಡಿಟ್ಟು, 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಸಂಗ್ರಹವದು. ನಿನ್ನೆ ಅಡುಗೆಮನೆಯಲ್ಲಿದ್ದದ್ದು ಇಂದು ಚರಿತ್ರೆ.

ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಒಂದು ಹಳೆಯ ಚಾಕು ಇದ್ದರೂ ಇರಬಹುದು. ಸಿಕ್ಕಿದರೆ ಸಾಣೆಯವನ ಬಳಿ ಓಡಬೇಡಿ, ಗುಜರಿಯವನಿಗೂ ಕೊಡಬೇಡಿ. ಮೆಲ್ಲಗೆ ಬಿಚ್ಚಿ, ಬೆಳಕಿಗೆ ಹಿಡಿದು ಬುಡದ ಅಕ್ಷರ ಓದಿ, ಬರೆದಿಡಿ. ಮನೆಯಲ್ಲಿ ಹಿರಿಯರಿದ್ದರೆ ಅದು ಯಾರದು, ಎಲ್ಲಿಂದ ತಂದದ್ದು ಎಂದು ಇವತ್ತೇ ಕೇಳಿ. ನನಗೆ ಆ ಅವಕಾಶ ತಪ್ಪಿಹೋಯಿತು, ನಿಮಗೆ ತಪ್ಪದಿರಲಿ.