ಕಣಕ ನಾದುವ ಯಂತ್ರದ ಕಥೆ

ಮನೆಯಲ್ಲಿಯೇ ಕೇಕು, ಬ್ರೆಡ್ಡು ತಯಾರಿಸುವ ಹವ್ಯಾಸ ಬೆಳೆದಿರುವುದರಿಂದ, ಯಾವ ಸ್ಟ್ಯಾಂಡ್ ಮಿಕ್ಸರ್ ಕೊಳ್ಳಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುವುದುಂಟು. ಚರಿತ್ರೆಯ ಮೇಷ್ಟರನ್ನು ಕೇಳಿದರೆ ಉತ್ತರವೂ ಚರಿತ್ರೆಯಿಂದಲೇ ಆರಂಭವಾಗುತ್ತದೆ, ಸಹಿಸಿಕೊಳ್ಳಬೇಕು.

1908ರಲ್ಲಿ ಅಮೆರಿಕದ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್, ಬೇಕರಿಯವನೊಬ್ಬನು ಕಬ್ಬಿಣದ ಸೌಟಿನಿಂದ ಬ್ರೆಡ್ಡಿನ ಕಣಕವನ್ನು ಕಲಸುತ್ತ ಬಳಲುವುದನ್ನು ಕಂಡರೆಂದು ಹೇಳುತ್ತಾರೆ. ಓಹಾಯೋ ರಾಜ್ಯದ ಹೋಬಾರ್ಟ್ ಸಂಸ್ಥೆಯಲ್ಲಿ ಅವರು ರೂಪಿಸಿದ ಯಂತ್ರದ ಪಾತ್ರೆ 80 ಕ್ವಾರ್ಟ್‌ನದು, ಅಂದರೆ ಸುಮಾರು 75 ಲೀಟರ್. ಬೇಕರಿಗಳಿಗೂ ನೌಕಾಪಡೆಯ ಹಡಗುಗಳಿಗೂ ಅದು ಮೊದಲು ತಲುಪಿತು. ಗೃಹಬಳಕೆಯ ‘ಕಿಚನ್‌ಏಡ್’ ಬಂದದ್ದು 1919ರಲ್ಲಿ. ಅದರ ತೂಕ ಸುಮಾರು 29 ಕಿಲೋ, ಬೆಲೆ 189.50 ಡಾಲರ್! ಅಂಗಡಿಯವರು ಹಿಂಜರಿದಾಗ ಮಹಿಳೆಯರೇ ಮನೆಮನೆಗೆ ತೆರಳಿ ಅದನ್ನು ಮಾರಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೂಲಿ ಕೊಡಬೇಕಾದ ಕಡೆ ಯಂತ್ರ ಬೇಗ ಬಂದಿತು. ಗೃಹಿಣಿಯ ರಟ್ಟೆಯ ಶ್ರಮಕ್ಕೆ ಬೆಲೆಯೇ ಇಲ್ಲದ ಕಡೆ ತಡವಾಗಿ ಬಂದಿತು. ಒರಳುಕಲ್ಲಿನ ಮುಂದೆ ಕುಳಿತ ನಮ್ಮ ತಾಯಂದಿರ ಕಥೆಯೂ ಬೇರೆಯಲ್ಲ. ಮುಂದೆ 1930ರಲ್ಲಿ ಸನ್‌ಬೀಮ್ ಸಂಸ್ಥೆಯ ಅಗ್ಗದ ‘ಮಿಕ್ಸ್‌ಮಾಸ್ಟರ್’, 1950ರಲ್ಲಿ ಇಂಗ್ಲೆಂಡಿನ ಕೆನ್ನೆತ್ ವುಡ್ ಅವರ ‘ಕೆನ್‌ವುಡ್ ಶೆಫ್’ ಬಂದವು.

ಜಾನ್‌ಸ್ಟನ್ನರ ಯಂತ್ರವಂಶದ ಗುಟ್ಟು ಗ್ರಹಚಲನೆಯಲ್ಲಿದೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಲೇ ಸೂರ್ಯನನ್ನು ಸುತ್ತುವಂತೆ, ಕಡೆಯುವ ಕೋಲು ತಾನೂ ತಿರುಗುತ್ತ ಪಾತ್ರೆಯನ್ನೂ ಸುತ್ತುತ್ತದೆ. ಆದ್ದರಿಂದ ಪಾತ್ರೆ ಅಲುಗದಿದ್ದರೂ ಅಂಚಿನ ಹಿಟ್ಟು ಉಳಿಯುವುದಿಲ್ಲ.

ಇನ್ನು ಆಯ್ಕೆಯ ಮಾತು. ವ್ಯಾಟ್ ಸಂಖ್ಯೆಯೊಂದನ್ನೇ ನೋಡಿ ಮರುಳಾಗಬೇಡಿ. ಅದು ಯಂತ್ರ ಸೆಳೆಯುವ ವಿದ್ಯುತ್ತಿನ ಲೆಕ್ಕವೇ ಹೊರತು ಕಣಕ ನಾದುವ ಬಲದ ಲೆಕ್ಕವಲ್ಲ. ಬ್ರೆಡ್ಡು ಮಾಡುವವರು ಗಟ್ಟಿ ಲೋಹದ ಗೇರುಗಳಿರುವ, ಭಾರವಾದ ಯಂತ್ರವನ್ನೇ ಕೊಳ್ಳಲಿ. ಕೇಕು, ಕ್ರೀಮುಗಳಷ್ಟೇ ಸಾಕೆನ್ನುವವರಿಗೆ ಹಗುರವಾದುದು ಸಾಕು. ಬಿಡಿಭಾಗ ಮತ್ತು ದುರಸ್ತಿ ನಿಮ್ಮ ಊರಿನಲ್ಲಿ ದೊರೆಯುವುದೇ ಎಂದು ಮೊದಲೇ ವಿಚಾರಿಸಿ. ಅಮೆರಿಕದಿಂದ ತರುವ ಬಂಧುಗಳು ನೆನಪಿಡಿ: ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಅಲ್ಲಿನ ಯಂತ್ರವನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟೀತು.

ಕೊನೆಯದಾಗಿ, ಯಂತ್ರ ಮನೆಗೆ ಬಂದಮೇಲೆ ಅದನ್ನು ತೊಳೆಯುವ ಕೆಲಸವೂ ಒಬ್ಬರ ಪಾಲಿಗೇ ಬೀಳದಿರಲಿ.